ಜೇಬಿನಲ್ಲೊಂದು ಉಳ್ಳಾಗಡ್ಡಿ

ಕೋಠಿ, ಹೈದರಾಬಾದ್
ಮೇ ೬

ಪ್ರೀತಿಯ ಸುಶಾಂತಾ,

ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ಅಸಿಫಾಬಾದಿನ ಬಿಸಿಲಿಗೆ ಮಜ್ಜಿಗೆ ಕುಡಿ, ಆ ಬಾಟಲಿಯ ಬಣ್ಣದ ನೀರಲ್ಲ. ನಾವಿಲ್ಲಿ ಕ್ಷೇಮ. ನಿನ್ನ ಮಗಳು ಮೃಣಾಲಿನಿ ಮಾತ್ರ ನಿನ್ನ ಫೋನು ಬಂದಾಗಿನಿಂದ ಸರಿಯಾಗಿ ಉಂಡಿಲ್ಲ. ಶಾಲೆಯವರು ಬೇಸಿಗೆ ಶಿಬಿರವೆಂದು ಶುಕ್ರವಾರದಿಂದ ಮೂರು ದಿನ ಅನಂತಗಿರಿ ಗುಡ್ಡಕ್ಕೆ ಕರೆದೊಯ್ದು ಗುಡಾರದಲ್ಲಿ ಮಲಗಿಸುತ್ತಾರಂತೆ. ನೀನು "ಅಡವ್ಯಾಗ ಹುಡುಗಿ ಮಲಗೂದು ಬ್ಯಾಡ" ಎಂದು ಫೋನಿಟ್ಟೆ. ಎರಡು ವರ್ಷದಿಂದ ಅಡವಿಯಲ್ಲೇ ನೌಕರಿ ಮಾಡುವವನು ಮಗಳಿಗೆ ಅಡವಿಯ ಅಂಜಿಕೆ ಹೇಳುತ್ತೀ, ಭಾಳ ಶಾಣ್ಯಾ! ಹರ್ಷದಾಳನ್ನು ಕೇಳಿದರೆ "ಅತ್ತ್ಯಾರ, ನಿಮ್ಮ ಮಗ ನನ್ನ ಮಾತ ಕೇಳಂಗಿಲ್ಲ, ನೀವ ಬರೀರಿ" ಎಂದಳು. ಅದಕ್ಕೇ ಈ ಕಾಗದ.

ಚೀಲ ನಾನೇ ಕಟ್ಟಿದ್ದೇನೆ. ಶಾಲೆಯ ಚೀಟಿಯನ್ನು ಮೃಣಾಲಿನಿ ಓದಿದಳು, ನಾನು ಒಂದೊಂದೇ ಇಟ್ಟೆ. ಬೆರಳು ಮುಚ್ಚುವ ಬೂಟು, ಟೋಪಿ, ಬ್ಯಾಟರಿ, ಅದಕ್ಕೆ ಎರಡು ಹೆಚ್ಚಿನ ಸೆಲ್ಲು, ಸೊಳ್ಳೆಯ ಮುಲಾಮು, ನೀರಿಗೆ ಬೆರೆಸುವ ಓಆರ್‌ಎಸ್ ಪುಡಿ. ಒಂದು ಸೀಟಿ. "ದಾರಿ ತಪ್ಪಿದ್ರ ಮೂರು ಸಲ ಊದಬೇಕಜ್ಜಿ" ಎಂದಳು. ನಾನು ಊದಿ ನೋಡಿದೆ. ಕೆಳಗಿನಿಂದ ವಾಚ್‌ಮನ್ ಕೋಲು ಹಿಡಿದು ಓಡಿ ಬಂದ. ಸೀಟಿ ಗಟ್ಟಿಯಾಗಿದೆ, ಚಿಂತೆ ಬೇಡ. ಬುಂದಿ ಉಂಡೆ ಇಟ್ಟರೆ ಹೊರಗೆ ತೆಗೆದಳು, ವಾಸನೆಗೆ ಮಂಗಗಳು ಗುಡಾರ ಹರಿಯುತ್ತವಂತೆ. ಚೀಟಿಯಲ್ಲಿಲ್ಲದ್ದು ಒಂದೇ ಇಟ್ಟೆ: ಅಂಗಿಯ ಜೇಬಿಗೆ ಉಳ್ಳಾಗಡ್ಡಿ, ಬಿಸಿಲ ಝಳ ಎಳೆದುಕೊಳ್ಳಲು. ನಿನ್ನ ಚಡ್ಡಿಯ ಜೇಬಿಗೂ ಇಡುತ್ತಿದ್ದೆ. ನೀನು ನಾಂಪಲ್ಲಿಯವರೆಗೆ ನಾರುತ್ತಿದ್ದೆ.

ನಿನ್ನೆ ಮಧ್ಯಾಹ್ನ ನಡುಮನೆಯಲ್ಲೇ ಶಾಲೆಯವರು ಕೊಟ್ಟ ಗುಡಾರ ಹೂಡಿ ತೋರಿಸಿದಳು. ನೀಲಿ ಬಟ್ಟೆ. ನಾನೂ ತೆವಳಿ ಒಳಗೆ ಹೋದೆ. ಒಳಗಿನ ಬೆಳಕು ಬಾವಿಯ ತಳದ ಬೆಳಕಿನಂತಿತ್ತು, ಫ್ಯಾನಿನ ಗಾಳಿಗೆ ಬಟ್ಟೆ ಉಸಿರಾಡುತ್ತಿತ್ತು. ಕಣ್ಣು ಮುಚ್ಚಿದೆ, ನಮ್ಮ ಭಾಲ್ಕಿಯ ಜೋಳದ ಹೊಲ ಬಂತು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿ ನನ್ನನ್ನು ಅಲ್ಲಿ ಹಕ್ಕಿ ಓಡಿಸಲು ಕೂರಿಸಿದ್ದರು. ನಾಲ್ಕು ಕೋಲಿಗೆ ಅವ್ವನ ಹಳೆಯ ಹಸಿರು ಸೀರೆ. ಅದರ ತೂತುಗಳಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿದು ನನ್ನ ಮೈಮೇಲೆ ನಡೆದಾಡುತ್ತಿತ್ತು. ಅಷ್ಟು ದೊಡ್ಡ ಆಕಾಶ ಮತ್ತೆ ಸಿಗಲಿಲ್ಲ. ಮದುವೆ, ಗೋಡೆ, ಒಲೆ. ಎಚ್ಚರಾದಾಗ ಮಗ್ಗುಲಲ್ಲಿ ಕೂಸು ನಿದ್ದೆಹೋಗಿತ್ತು, ಮುಷ್ಟಿಯಲ್ಲಿ ಸೀಟಿ.

ಕಮಲಾಕ್ಷಿ ಟೀಚರಿಗೆ ಮನೆಯವರ ಸಹಿ ಬೇಕಂತೆ. ಹೂಂ ಎಂದು ಒಂದು ಸಾಲು ಬರೆ. ತಲೆಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಹೋಗು. ನೂರು ವರ್ಷ ಬಾಳಪ್ಪಾ, ಹಟ ಮಾತ್ರ ಅಷ್ಟು ದಿನ ಬೇಡ.

ನಿನ್ನ ಅವ್ವ,
ತುಳಸಾಬಾಯಿ

ತಾ.ಕ.: ಈ ಕಾಗದವನ್ನು ಬೇಕಂತಲೇ ಇಟ್ಟುಕೊಂಡಿದ್ದೆ, ಇಂದು ಸೋಮವಾರ ಡಬ್ಬಿಗೆ ಹಾಕುತ್ತಿದ್ದೇನೆ. ಸಹಿ ನಾನೇ ಮಾಡಿದೆ, ನಾಲ್ಕನೆಯ ಇಯತ್ತೆಯ ಅಕ್ಷರದಲ್ಲಿ. ಫೋನು ಮಾಡಿದ್ದರೆ ನೀನು ಮತ್ತೆ ಬ್ಯಾಡ ಅನ್ನುತ್ತಿದ್ದೆ. ಮೃಣಾಲಿನಿ ನಿನ್ನೆ ಸಂಜೆ ಮನೆಗೆ ಬಂದಳು. ಜೇಬಿನ ಉಳ್ಳಾಗಡ್ಡಿ ಬಾಡಿದೆ, ಕೂಸು ಬಾಡಿಲ್ಲ.