ಬಲಗಾಲು ಬಂಡೆ, ಎಡಗಾಲು ಬೆಂಡೆ

ಮಾರ್ಚ್ 3, ಬೆಳಿಗ್ಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಎದುರಿಗಿರುವ ಖಾಲಿ ಕುರ್ಚಿಗಳೇ! ಕಾಲು ಅಳೆಯುವ ಈ ಬಡಪಾಯಿಯ ಭಾಷಣಕ್ಕೆ ತಾವು ಕಿವಿಗೊಡಬೇಕು.

ಫುಟ್‌ಬಾಲ್ ಕ್ಲಬ್ಬಿನ ನೆಲಮಾಳಿಗೆ. ಒಂದು ಮಷೀನು, ಒಂದು ಟ್ಯೂಬ್‌ಲೈಟು, ನಾನು. ಆಟಗಾರ್ತಿಯರನ್ನು ಕುರ್ಚಿಗೆ ಬೆಲ್ಟು ಹಾಕಿ ಬಿಗಿಯುತ್ತೇನೆ. ಕಾಲನ್ನು ಮುಂದಕ್ಕೆ ಒದೆಯಬೇಕು, ಹಿಂದಕ್ಕೆ ಎಳೆಯಬೇಕು. ಪರದೆಯ ಮೇಲೆ ಗುಡ್ಡ ಏಳುತ್ತದೆ — ಬಲಗಾಲಿಗೊಂದು, ಎಡಗಾಲಿಗೊಂದು. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರವಿದ್ದರೆ ಮೈದಾನಕ್ಕೆ. ಒಂದು ತೀರಾ ಕುಳ್ಳಾದರೆ ಜಿಮ್ಮಿಗೆ. ಅಂಥ ಕಾಲು ಓಟದ ನಡುವೆ ಕೈಕೊಡುವ ಸಂಭವ ಜಾಸ್ತಿ. (ಕಾಲು ಕೈಕೊಡುತ್ತದೆ. ನಗುವವರು ನಗಬಹುದು.)

ಇವತ್ತು ಚಿಗರೆ ಬಂದಿದ್ದಳು. ತಂಗಿಯ ಮಗಳು. ಓಟದಲ್ಲಿ ತಂಡಕ್ಕೇ ಮೊದಲು, ಅದಕ್ಕೇ ಆ ಹೆಸರು. ತೊಡೆಯ ಹಿಂಭಾಗದ ಬಲ ನೋಡಿದೆ. ಎಡದ್ದು ಬಲದ್ದರ ಮುಕ್ಕಾಲೂ ಇಲ್ಲ.

"ಬಲಗಾಲು ಬಂಡೆ, ಎಡಗಾಲು ಬೆಂಡೆ," ಎಂದೆ.

"ಪ್ರಾಸ ಬೇಡ ಮಾಮ, ಪಾಸ್ ಮಾಡು."

ಮಾಡಲಿಲ್ಲ. ತಿಂಗಳೊಪ್ಪತ್ತು ಜಿಮ್ಮು, ಅಲ್ಲಿಯವರೆಗೆ ಪಂದ್ಯವಿಲ್ಲ ಎಂದು ಕೋಚ್‌ಗೆ ರಿಪೋರ್ಟ್ ಕಳಿಸಿದೆ. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಹೋದಳು.

ಮಾರ್ಚ್ 9

ತಂಗಿಯ ಫೋನು. ಭಾನುವಾರದ ಪಂದ್ಯ ನೋಡಲು ದೊಡ್ಡ ಕ್ಲಬ್ಬಿನ ಸೆಲೆಕ್ಟರ್ ಬರುತ್ತಾನಂತೆ. ಅಪರೂಪದ ಪ್ರಾಣಿ. ಈ ಸಲ ಕಣ್ಣಿಗೆ ಬೀಳದಿದ್ದರೆ ಮಗಳ ವಯಸ್ಸು ಮೀರಿತು ಎನ್ನುತ್ತಾಳೆ.

"ಅಣ್ಣಾ, ಎಲ್ಲರೂ ದಾರಿ ಬಿಡ್ತಾರೆ, ನೀನೊಬ್ಬ ಅಡ್ಡ ಮಲಗಿದೀಯ."

"ನಾನಲ್ಲ ಕಣೇ, ಮಷೀನು."

"ಮಷೀನಿಗೆ ತಂಗಿ ಇಲ್ಲ. ನಿನಗೆ ಇದಾಳೆ."

ಸಭಿಕರೇ, ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಚೀಟಿ ಕಳಿಸಿ.

ಮಾರ್ಚ್ 11, ಸಂಜೆ

ಚಿಗರೆಗೆ ಮತ್ತೆ ಅಳತೆ. ಎರಡೂ ಗುಡ್ಡ ಅವಳಿಜವಳಿ. ಒಂದೇ ವಾರದಲ್ಲಿ!

ಎಡದ್ದು ಏರಿಲ್ಲ. ಬಲದ್ದು ಇಳಿದಿದೆ. ಒಳ್ಳೆಯ ಕಾಲನ್ನೇ ಬೇಕೆಂದು ಮೆಲ್ಲಗೆ ಎಳೆದಿದ್ದಾಳೆ. ಎಳೆದದ್ದು ಮಷೀನಿಗೆ ತಿಳಿಯುತ್ತದೆ. ಎಳೆಯದೆ ಉಳಿಸಿಕೊಂಡದ್ದು ತಿಳಿಯುವುದಿಲ್ಲ.

"ಬಲಗಾಲಿಗೆ ನಿದ್ದೆ ಬಂತೇನೇ?"

"ಸಮ ಬಂತಲ್ಲ ಮಾಮ. ನಿನಗೆ ಸಮಾನತೆ ಬೇಡ್ವಾ?"

ನಾನು ನಗಲಿಲ್ಲ. ಅವಳೂ ನಗಲಿಲ್ಲ. "ಪ್ಲೀಸ್," ಎಂದಳು, ತೀರಾ ಸಣ್ಣ ದನಿಯಲ್ಲಿ.

ಬೆಲ್ಟು ಬಿಚ್ಚಿದೆ. ಕೋಚ್‌ಗೆ ಕಳಿಸಿದೆ — ಎರಡೂ ಕಾಲು ಸಮ, ಆಡಬಹುದು.

ಆಮೇಲೆ ಮನಸ್ಸು ತಡೆಯದೆ ಅವನ ಕೋಣೆಗೆ ಹೋದೆ. ಅವಳ ಕಳ್ಳಾಟ ಹೇಳಲಿಲ್ಲ. "ಆ ಎಡಗಾಲು... ನನಗ್ಯಾಕೋ ಅನುಮಾನ," ಎಂದೆ.

"ರಿಪೋರ್ಟ್ ಏನು ಹೇಳುತ್ತೆ?"

"ಸಮ ಅಂತ."

"ಬರೆದೋರು ಯಾರು?"

"ನಾನೇ."

"ಹಾಗಾದ್ರೆ ಮೊದಲು ನೀವೂ ನೀವೂ ಜಗಳ ಮುಗಿಸ್ಕೊಂಡು ಬನ್ನಿ ಸಾರ್. ನಂಗೆ ಪ್ರಾಕ್ಟೀಸ್ ಇದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಚೆನ್ನಾಗಿಯೇ ಇತ್ತು ಜೋಕು.

ಮಾರ್ಚ್ 15, ಭಾನುವಾರ

ದ್ವಿತೀಯಾರ್ಧ. ಚೆಂಡು ಮುಂದೆ, ಅವಳು ಅದರ ಹಿಂದೆ, ಹತ್ತಿರ ಯಾರೂ ಇಲ್ಲ. ಏನೋ ಮರೆತವಳಂತೆ ತಟ್ಟನೆ ನಿಂತಳು. ತೊಡೆಯ ಹಿಂದೆ ಕೈ. ಬಿದ್ದಳು.

ಎಡಗಾಲು.

ಮನೆಗೆ ಬಂದು ಅಂಗಿ ಒಗೆದು ಹಾಕಿದೆ. ಹಿಂಡುವುದನ್ನು ಮರೆತಿದ್ದೆ. ನೀರು ತೊಟ್ಟಿಕ್ಕುತ್ತಿದೆ.

ಮಾರ್ಚ್ 17

ಸ್ನಾಯು ಮೂಳೆಯಿಂದಲೇ ಕಿತ್ತು ಬಂದಿದೆಯಂತೆ. ಆಪರೇಷನ್. ಈ ಸೀಸನ್ ಮುಗಿಯಿತು, ಮುಂದಿನದು ನೋಡೋಣ ಎಂದ ಸರ್ಜನ್. "ನೋಡೋಣ" ಎನ್ನುವಾಗ ಅವನು ಗೋಡೆ ನೋಡುತ್ತಿದ್ದ.

ತಂಗಿ ನನ್ನ ಕಡೆ ತಿರುಗಿದಳು. ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಚಿಗರೆ, "ನಾನೇ ಮೋಸ ಮಾಡಿದ್ದು ಕಣಮ್ಮ, ಬೇಕಂತಲೇ ಬಲಗಾಲು ಮೆಲ್ಲಗೆ ಎಳೆದೆ. ಮಾಮನಿಗೆ ಗೊತ್ತೇ ಆಗ್ಲಿಲ್ಲ. ಅಲ್ವಾ ಮಾಮ?"

"ಹೂಂ," ಎಂದೆ.

ಮಾರ್ಚ್ 26

ಕೆಲಸ ಎಂದಿನಂತೆ. ಕಾಲುಗಳು ಬರುತ್ತವೆ, ಹೋಗುತ್ತವೆ. ಊಟ ಸೇರುತ್ತದೆ. ನಿದ್ದೆಯೂ ಬರುತ್ತದೆ. ಅಳುವೊಂದು ಬಂದಿಲ್ಲ. ಕಾಯುತ್ತಿದ್ದೇನೆ, ಬಸ್ಸಿಗೆ ಕಾದ ಹಾಗೆ.

ಇವತ್ತು ಕೋಚ್ ಎಲ್ಲರೆದುರು ಭುಜ ತಟ್ಟಿದ. "ನೀವು ಅವತ್ತೇ ಹೇಳಿದ್ರಿ ಸಾರ್. ನಾನು ಕೇಳ್ಬೇಕಿತ್ತು."

ಮಾನ್ಯ ಅಧ್ಯಕ್ಷರೇ —

ಸಾಕು. ಯಾರೂ ಇಲ್ಲ ಇಲ್ಲಿ. ಅವಳು ಬಿದ್ದಾಗ ಎಲ್ಲರೂ ಓಡಿದರು. ನಾನು ಓಡಲಿಲ್ಲ. ಯಾವ ಕಾಲು ಎಂದು ನೋಡುತ್ತ ನಿಂತೆ. ಎಡದ್ದು ಎಂದು ಕಂಡಿತು. ಗೆದ್ದೆ ಅನ್ನಿಸಿತು. ಗೋಲು ಬಿದ್ದಾಗ ಆಗುತ್ತದಲ್ಲ, ಹಾಗೆ, ಕೈ ತಾನಾಗಿ ಮುಷ್ಟಿ ಕಟ್ಟಿ ಮೇಲಕ್ಕೆ —