ಎಲ್ಲರ ತಲೆಗೂ ಕಿರೀಟ

ಮಾರ್ಚ್ ೧೨, ಗುರುವಾರ

ಅಬ್ಬಬ್ಬಾ, ಎಂಥ ಹುಡುಗಿ ನಮ್ಮ ತಂಡದ ಈ ಸಮನ್ವಿತಾ! ನಾಳೆ ಪೀಣ್ಯದ ಕಾರ್ಖಾನೆಯವರ ಮುಂದೆ ನಮ್ಮ ಪ್ರೋಗ್ರಾಂನ ಡೆಮೊ. ಕೆಟ್ಟರೆ ಈ ಕೆಲಸ ಬೇರೆ ತಂಡದ ಪಾಲು. ಪ್ರೋಗ್ರಾಂನೊಳಗೆ ಒಂದೊಂದು ಕೆಲಸ ಮಾಡುವ ಪ್ರತಿ ಫಂಕ್ಷನ್ನೂ ತಾನು ಎಷ್ಟು ಹೊತ್ತು ಓಡಿದೆನೆಂದು ಸಾರಲಿ ಎಂದು ನಾನು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲ ಫಂಕ್ಷನ್‌ಗಳೂ ಹುಟ್ಟುವ ಮೂಲವನ್ನೇ ತಿದ್ದಿದ್ದೆ. ಬೇಡದವೂ ಸೇರಿ ಎಲ್ಲವೂ ಒಟ್ಟಿಗೇ ಅರಚಿ ಪ್ರೋಗ್ರಾಂ ಸ್ತಬ್ಧವಾಯಿತು.

“ಪಟ್ಟಾಭಿ ಸಾರ್, ರಾಜನ ಪಾರ್ಟು ಒಬ್ಬನಿಗೆ ತಾನೇ? ನಾಟಕ ನೋಡೋಕೆ ಬಂದೋರಿಗೆಲ್ಲ ಕಿರೀಟ ಹಾಕ್ಬಿಟ್ರಲ್ಲ!” ಎಂದು ನಕ್ಕಳು.

ನಾನು ತಿದ್ದಿದ್ದನ್ನು ಅಳಿಸಿ, ಮೂಲದಿಂದಲೇ ಹುಟ್ಟುವ ಹೊಸ ಬಗೆಯ ಫಂಕ್ಷನ್ ಕಟ್ಟಿದಳು. ಎಂದಿನಂತೆ ಕರೆದರೆ ಎಂದಿನ ಕೆಲಸವನ್ನೇ ಮಾಡುತ್ತದೆ, ಜೊತೆಗೆ ಹೊತ್ತನ್ನೂ ಹೇಳುತ್ತದೆ. ಬೇಕಾದ ಕಡೆ ಮಾತ್ರ ಅದನ್ನಿಟ್ಟಳು. ಉಳಿದವು ತಮ್ಮ ಪಾಡಿಗೆ ತಾವು. ಪ್ರೋಗ್ರಾಂ ಎದ್ದು ಓಡಿತು!

“ಭಲೇ!” ಎಂದು ನಾನು ಕೂಗಿದ್ದಕ್ಕೆ ಇಡೀ ಮಹಡಿ ತಿರುಗಿ ನೋಡಿತು.

ನನ್ನ ಕಂಠ ದೊಡ್ಡದೆಂದು ನಾಳೆ ವಿವರಿಸಲು ಮ್ಯಾನೇಜರು ನನ್ನನ್ನೇ ನಿಲ್ಲಿಸಿದ್ದಾರೆ. ಆಗದು. ರಂಗ ಅವಳದ್ದು. ಬೆಳಿಗ್ಗೆ ಹೋದವನೇ ಅವಳೇ ವಿವರಿಸಲಿ ಎಂದು ಮ್ಯಾನೇಜರಿಗೆ ಹೇಳಿ, ನಾನು ಮುಂದಿನ ಸಾಲಲ್ಲಿ ಕೂತು “ಭಲೇ!” ಎಂದು ಕೂಗುವವನು!