ಒದ್ದೆ ಧೋತರದ ಪರದೆ

ತಿಕೋಂಡಿ, ೧೪ ಮೇ ೧೯೫೩, ಗುರುವಾರ

ಮೊಮ್ಮಗಳು ಗಂಗೂನ ಜ್ವರ ಇಳಿದಿದೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ.

ಒಂದೂವರೆ ವರ್ಷದ ಕೂಸನ್ನು ಈ ಬಿಸಿಲಲ್ಲಿ ಇಲ್ಲಿಗೆ, ಮಗಳ ಮನೆಗೆ ಮುಟ್ಟಿಸಬೇಕಿತ್ತು. ಕಾರಿನ ಕಿಟಕಿಗಳಿಗೆ ಒದ್ದೆ ಧೋತರ ಕಟ್ಟೋಣ, ದಾರಿಯಲ್ಲಿ ಎಲ್ಲೂ ನಿಲ್ಲುವುದು ಬೇಡ ಎಂದು ನಿನ್ನೆಯೇ ಇವರಿಗೆ ಹೇಳಿದ್ದೆ. "ಆತು, ನೀ ಹೇಳಿದಂಗ" ಎಂದಿದ್ದರು.

ಮೊದಲ ಹಳ್ಳಿಯ ಅಗಸಿ ಬಾಗಿಲು ಕಂಡದ್ದೇ ಧೋತರ ಕಿತ್ತು ಕಾರು ನಿಲ್ಲಿಸಿದರು. "ಲೋಕಲ್ ಬೋರ್ಡ್ ಇಲೆಕ್ಷನ್ ಬಂತು, ನಾ ನಿಂತೀನಿ. ಒಳಗ ಯಾರದಾರಂತ ಮಂದಿಗೆ ಕಾಣೂದು ಬ್ಯಾಡೇನು?"

ಬಿಸಿಲಲ್ಲೇ ಒಂದು ತಾಸು ಮಾತು. ಕೂಸು ಅತ್ತು ಅತ್ತು ಸುಮ್ಮನಾಯಿತು, ಮೈ ಕೆಂಡದಂತಿತ್ತು. ನಾನು ಧೋತರಕ್ಕೆ ಮತ್ತೆ ನೀರು ಹಾಕುತ್ತಿದ್ದಾಗ ಇವರು ಕಟ್ಟೆಯ ಮೇಲಿದ್ದವರಿಗೆ ಕೇಳುವಂತೆ, "ನಮ್ಮಾಕಿ ಇಂಗ್ಲಿಷ್ ಸಾಲಿ ಕಲ್ತಾಳ್ರೆಪಾ, ಸೂರ್ಯಾಗೂ ಪಡದಾ ಕಟ್ತಾಳ!" ಎಂದರು. ಎಲ್ಲರೂ ನಕ್ಕರು.

ಕೊಟ್ಟ ಮಾತಿಗೆ ತಪ್ಪಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ನನ್ನನ್ನು ನಗೆಗೀಡು ಮಾಡಿದ್ದನ್ನೂ ಬಹುಶಃ. ಆದರೆ ಅವರ ಜೊತೆ ನಾನೂ ನಕ್ಕೆ. ಕೂಸು ನನ್ನ ಮುಖವನ್ನೇ ನೋಡುತ್ತಿತ್ತು.

"ದಾರ್‍ಯಾಗ ಏನಾತವ್ವ?" ಎಂದು ಮಗಳು ಕೇಳಿದಾಗ, "ಏನಿಲ್ಲ, ಬಿಸಿಲು ಭಾಳ ಇತ್ತು" ಎಂದೆ. ಇವರು ನೆಮ್ಮದಿಯಿಂದ ತಲೆಯಾಡಿಸಿದರು. ಇವರನ್ನು ಕಾಪಾಡಲು ನಾನು ಯಾಕೆ ಇಷ್ಟು ಬೇಗ ಸುಳ್ಳು ಹೇಳಿದೆ?